ನಾನು ಬಿಟ್ಟ ಎರಡು ಸಾಲು

ಕುಮಟೆಯ ನಮ್ಮ ಆಸ್ಪತ್ರೆಯಲ್ಲಿ ಇಷ್ಟು ವರ್ಷವಾದರೂ ನಾನು ಒಬ್ಬ ರೋಗಿಯ ನಾಡಿ ಹಿಡಿದು ನೋಡಿದವಳಲ್ಲ. ರಕ್ತ ಕಂಡರೆ ಈಗಲೂ ಮುಖ ತಿರುಗಿಸಿಕೊಳ್ಳುತ್ತೇನೆ. ಆದರೂ ನಾನು ವಾರ್ಡಿಗೆ ಕಾಲಿಟ್ಟರೆ ನರ್ಸುಗಳು ಎದ್ದು ನಿಲ್ಲುತ್ತಾರೆ, ಅರ್ಧ ತಿಂದ ಅವಲಕ್ಕಿಯ ಡಬ್ಬಿ ಮೇಜಿನಡಿಗೆ ಹೋಗುತ್ತದೆ, ಆಯಾ ಬಂದು ಕಸದ ಬುಟ್ಟಿಯ ಮುಚ್ಚಳ ಮುಚ್ಚುತ್ತಾಳೆ. ನಾನು ಅಲ್ಲಿಯ ಕ್ವಾಲಿಟಿ ಮೇಡಂ.

ಸೇರಿದ್ದು ರೆಕಾರ್ಡ್ ರೂಮಿನ ಗುಮಾಸ್ತೆಯಾಗಿ. ಹೊನ್ನಾವರದಲ್ಲಿ ಬಿ.ಕಾಂ. ಮುಗಿಸಿದವಳು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಬಂದು, ಧೂಳು ಹಿಡಿದ ಕೇಸ್ ಶೀಟುಗಳನ್ನು ನಂಬರಿನ ಪ್ರಕಾರ ಕಟ್ಟಿಡುತ್ತಿದ್ದೆ. ಅಷ್ಟರಲ್ಲಿ ನಮ್ಮ ದೊಡ್ಡ ಡಾಕ್ಟರಿಗೆ, ಅಂದರೆ ಆಸ್ಪತ್ರೆಯ ಮುಖ್ಯಸ್ಥರಿಗೆ, ಗುಣಮಟ್ಟದ ಸರ್ಟಿಫಿಕೇಟ್ ಬೇಕೆನಿಸಿತು. ಅದನ್ನು ಕೊಡುವವರು ದೂರದಿಂದ ಬಂದು ಎಲ್ಲವನ್ನೂ ಪರೀಕ್ಷೆ ಮಾಡುತ್ತಾರೆ. ಅವರಿಗೆ ತೋರಿಸಲು ಕಾಗದ ಬೇಕು, ಕಾಗದ ಬರೆಯಲು ಒಬ್ಬರು ಬೇಕು. "ನಿಮ್ಮ ಅಕ್ಷರ ಚಂದ ಇದೆ, ನೀವೇ ಆಗಬಹುದು" ಎಂದರು. ನನ್ನ ಅಕ್ಷರ ಚಂದ ಹೌದು. ನಾನು ಎದುರು ಮಾತಾಡುವುದಿಲ್ಲ ಎನ್ನುವುದೂ ಅವರಿಗೆ ಗೊತ್ತಿತ್ತು.

ಕೆಲಸ ಹೇಳಲಿಕ್ಕೆ ಸರಳ. ಯಾವ ಕೆಲಸವನ್ನು ಹೇಗೆ ಮಾಡಬೇಕು ಎಂದು ಬರೆದಿಡುವುದು, ಹಾಗೆಯೇ ಮಾಡುತ್ತಾರೋ ಎಂದು ನೋಡುವುದು, ತಪ್ಪಾದರೆ ಯಾಕಾಯಿತು ಎಂದು ಹುಡುಕಿ ಇನ್ನೊಮ್ಮೆ ಆಗದಂತೆ ಮಾಡುವುದು. ಇದಕ್ಕಿಂತ ಒಳ್ಳೆಯ ಮಾತನ್ನು ಆಸ್ಪತ್ರೆಯಲ್ಲಿ ಯಾರೂ ಆಡಲಾರರು. ನನಗೆ ಇವತ್ತಿಗೂ ಅದರಲ್ಲಿ ನಂಬಿಕೆ ಇದೆ. ನನ್ನ ಮೇಲೆ ಇಲ್ಲ, ಅಷ್ಟೆ.

ಮೊದಲ ಸಲ ಬಂದ ಪರೀಕ್ಷಕರು ನನ್ನ ರಿಜಿಸ್ಟರುಗಳನ್ನು ಮಗುಚಿ ನೋಡಿ ನಕ್ಕರು. ಒಂದು ವರ್ಷದಲ್ಲಿ ಒಂದೂ ತಪ್ಪು ನಡೆದಿಲ್ಲವೇ ಎಂದು ಕೇಳಿದರು. ಇಲ್ಲ ಎಂದು ದೊಡ್ಡ ಡಾಕ್ಟರು ಹೆಮ್ಮೆಯಿಂದ ಹೇಳಿದರು. ಪರೀಕ್ಷಕರು ಇನ್ನಷ್ಟು ನಕ್ಕರು. ತಪ್ಪು ನಡೆಯದ ಆಸ್ಪತ್ರೆ ಇಲ್ಲ, ತಪ್ಪನ್ನು ಬರೆಯದ ಆಸ್ಪತ್ರೆ ಮಾತ್ರ ಇದೆ ಎಂದು ಬುದ್ಧಿ ಹೇಳಿ ಹೋದರು. ಅವರ ಕಾರು ಗೇಟು ದಾಟಿತೋ ಇಲ್ಲವೋ, ದೊಡ್ಡ ಡಾಕ್ಟರು ನನ್ನನ್ನು ಕರೆದು ತಿಂಗಳಿಗೆ ಐದಾದರೂ ತಪ್ಪು ಬೇಕು ಎಂದರು.

ಹಾಗೆ ನಾನು ತಪ್ಪಿನ ಫಾರ್ಮು ಮಾಡಿದೆ. ಏನಾಯಿತು, ಯಾಕಾಯಿತು, ಯಾರು ಇದ್ದರು ಎಂದು ಬರೆಯುವ ಹಾಳೆ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಹಾಕಿಸಿದೆ: ಇಲ್ಲಿ ಬರೆದದ್ದಕ್ಕಾಗಿ ಯಾರ ಮೇಲೂ ಕ್ರಮ ಕೈಗೊಳ್ಳುವುದಿಲ್ಲ. ಆ ಸಾಲನ್ನು ಕೂತು ಯೋಚಿಸಿ ಬರೆದವಳು ನಾನೇ. ನರ್ಸುಗಳೇನು ದಡ್ಡರೇ? ಲೇಬರ್ ರೂಮಿನಲ್ಲಿ ಹಲ್ಲಿ ಕಂಡಿದೆ ಎಂದು ಬರೆದರು. ನಲ್ಲಿ ಸೋರುತ್ತಿದೆ, ರೋಗಿಯ ಮನೆಯವರು ವಾರ್ಡಿಗೆ ಒಣಮೀನು ತಂದಿದ್ದರು ಎಂದು ಬರೆದರು. ಒಬ್ಬಳಂತೂ ನನ್ನ ಚಪ್ಪಲಿ ಕಳುವಾದದ್ದನ್ನೇ ತಪ್ಪೆಂದು ಬರೆದುಕೊಟ್ಟಳು. ತಿಂಗಳಿಗೆ ಐದು ಎಂದರೆ ಐದೇ.

ಸರಿಯಾಗಿ ಬರೆಯುತ್ತಿದ್ದವಳು ಒಬ್ಬಳೇ. ತದಡಿಯ ಮೀನುಗಾರರ ಮನೆಯ ಹುಡುಗಿ, ಹೆಂಗಸರ ವಾರ್ಡಿನ ನರ್ಸು. ಒಂದು ದೋಣಿಯಿಂದ ಇನ್ನೊಂದಕ್ಕೆ ಕೂಗಿ ಕರೆಯುವ ಗಂಟಲು ಅವಳದು, ಮೆಲ್ಲಗೆ ಮಾತಾಡು ಎಂದರೆ ಇಡೀ ವಾರ್ಡಿಗೆ ಕೇಳುವ ಹಾಗೆ "ಆಗಲಿ" ಎನ್ನುತ್ತಿದ್ದಳು. ಸರಕಾರಿ ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕಬೇಕು, ಅದಕ್ಕೆ ನಮ್ಮಲ್ಲಿಯ ಅನುಭವದ ಪತ್ರ ಬೇಕು ಎಂಬ ಒಂದೇ ಗುರಿ ಇಟ್ಟುಕೊಂಡು ದುಡಿಯುತ್ತಿದ್ದಳು. ವಯಸ್ಸಿನ ಮಿತಿ ಹತ್ತಿರವಾಗಿತ್ತು. ಎಲ್ಲರ ಎದುರು ನನ್ನನ್ನು ಮೇಡಂ ಎನ್ನುವಳು, ಇಬ್ಬರೇ ಇದ್ದರೆ ಅಕ್ಕ ಎನ್ನುವಳು. ಆ ಅಕ್ಕ ಕೇಳಿದರೆ ನನಗೆ ಖುಷಿಯಾಗುತ್ತಿತ್ತು.

ಒಂದು ದಿನ ಅವಳು ಸಲಹೆಯ ಪೆಟ್ಟಿಗೆಗೆ ಚೀಟಿ ಹಾಕಿದಳು. ಹೆಂಗಸರನ್ನು ಭರ್ತಿ ಮಾಡಿಕೊಳ್ಳುವ ಫಾರ್ಮಿನಲ್ಲಿ ಮದುವೆಗೆ ಮೊದಲಿನ ಹೆಸರಿಗೂ ಒಂದು ಕಾಲಂ ಇರಲಿ ಎಂದು. ಇದರ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ಮದುವೆಯ ದಿನವೇ ಹುಡುಗಿಯ ಹೆಸರು ಬದಲಾಗುತ್ತದೆ. ಹರಿವಾಣದಲ್ಲಿ ಅಕ್ಕಿ ಹರಡಿ ಗಂಡನಾದವನು ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ, ಅಲ್ಲಿಗೆ ಅಪ್ಪ ಇಟ್ಟ ಹೆಸರು ಮುಗಿಯಿತು. ಗಂಡನ ಮನೆಯಲ್ಲಿ ಆ ಹಳೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ಆಧಾರ್ ಕಾರ್ಡೂ ಹೊಸ ಹೆಸರಿಗೆ ಆಗುತ್ತದೆ. ಆದರೆ ಹುಡುಗಿಯಾಗಿದ್ದಾಗ ನಮ್ಮಲ್ಲಿಗೇ ಬಂದಿದ್ದರೆ ಅವಳ ಕೇಸ್ ಶೀಟು ರೆಕಾರ್ಡ್ ರೂಮಿನಲ್ಲಿ ಹಳೆಯ ಹೆಸರಿನಲ್ಲಿ ಕೂತಿರುತ್ತದೆ, ಬೇರೆ ಯಾರದೋ ಎಂಬಂತೆ.

ನಾನು ಆ ಚೀಟಿಯನ್ನು ಓದಿ ಮಡಚಿ ಬುಟ್ಟಿಗೆ ಹಾಕಿದೆ. ಕಾಲಂ ಸೇರಿಸಿದರೆ ಫಾರ್ಮು ಎರಡನೆಯ ಪುಟಕ್ಕೆ ಹೋಗುತ್ತಿತ್ತು. ಒಂದೇ ಪುಟದಲ್ಲಿ ಕೂರಿಸಲು ನಾನು ಎರಡು ವಾರ ತಿಣುಕಿದ್ದೆ. "ಪರೀಕ್ಷೆ ಮಾಡುವವರು ಕೊಟ್ಟ ಮಾದರಿಯಲ್ಲಿ ಅದು ಇಲ್ಲ ಮಾರಾಯ್ತಿ" ಎಂದು ಅವಳಿಗೆ ಹೇಳಿದೆ. "ಅವ್ರ ಊರಲ್ಲಿ ಹೆಸ್ರು ಬದ್ಲು ಮಾಡೂದಿಲ್ಲ ಕಾಣ್ತದೆ" ಎಂದು ನಕ್ಕು ಹೋದಳು.

ಮುಂದಿನ ಮಳೆಗಾಲ ಮುಗಿಯುತ್ತಿದ್ದಾಗ ಮಿರ್ಜಾನಿನ ಒಬ್ಬ ಸೊಸೆ ಬಂದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬಳಚು ಎಂಬ ಚಿಪ್ಪುಮೀನು ಬಿಡಿಸುವಾಗ ಚಿಪ್ಪು ಅಂಗೈಗೆ ಹೊಕ್ಕು ಕೀವಾಗಿ, ಕೈ ಮೊಣಕೈವರೆಗೂ ಬಾತಿತ್ತು. ಜೊತೆಗೆ ಅತ್ತೆ ಇದ್ದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟದ್ದು ಅತ್ತೆಯೇ. ಇಲ್ಲಿಗೆ ಮೊದಲು ಬಂದಿದ್ದಿದೆಯೇ ಎಂದರೆ ಇಲ್ಲ. ಯಾವುದಾದರೂ ಔಷಧ ಮೈಗೆ ಆಗುವುದಿಲ್ಲವೇ ಎಂದರೆ, "ನಮ್ಮನೇಲಿ ಅಂತಾದ್ದೆಲ್ಲ ಎಂತ ಇಲ್ಲ, ಕಲ್ಲು ತಿಂದ್ರೂ ಅರಗ್ತದೆ." ಸೊಸೆ ತಲೆ ತಗ್ಗಿಸಿ ಕೂತಿದ್ದಳು. ಹದಿನೈದನೆಯ ವಯಸ್ಸಿನಲ್ಲಿ ಅವಳು ನಮ್ಮದೇ ಆಸ್ಪತ್ರೆಯಲ್ಲಿ ಗಂಟಲು ನೋವಿಗೆ ಪೆನ್ಸಿಲಿನ್ ಇಂಜೆಕ್ಷನ್ ತೆಗೆದುಕೊಂಡು, ಮುಖ ಊದಿ ಉಸಿರು ಕಟ್ಟಿ ಸಾಯುವುದರಲ್ಲಿ ಉಳಿದಿದ್ದಳು. ಹಳೆಯ ಹೆಸರಿನ ಆ ಕೇಸ್ ಶೀಟಿನ ಮೇಲೆ ಕೆಂಪು ಚೀಟಿ ಅಂಟಿಸಿತ್ತು. ಅಂಟಿಸಿದವಳು ನಾನೇ, ಗುಮಾಸ್ತೆಯಾಗಿದ್ದಾಗ. ಸಂಬಂಧ ಕೂಡಿಸುವಾಗ ಅವಳ ತವರಿನವರು ಇದನ್ನು ಗಂಡಿನ ಕಡೆಯವರಿಗೆ ಹೇಳಿರಲಿಲ್ಲ. ಆಸ್ಪತ್ರೆ ಸೇರಿದ್ದ ಹುಡುಗಿ ಎಂದರೆ ಯಾರು ಒಪ್ಪುತ್ತಾರೆ? ಅತ್ತೆಯ ಎದುರು ಅವಳೂ ಹೇಳಲಿಲ್ಲ.

ಡಾಕ್ಟರು ಅದೇ ಜಾತಿಯ ಇಂಜೆಕ್ಷನ್ ಬರೆದರು. ತದಡಿಯ ಹುಡುಗಿ ಮೊದಲು ಚರ್ಮದಡಿಗೆ ಒಂದು ಹನಿ ಕೊಟ್ಟಳು. ಅದು ಪರೀಕ್ಷೆ. ಅರ್ಧ ಗಂಟೆ ಕಾದು, ಅಲ್ಲಿ ಕೆಂಪಾಗದಿದ್ದರೆ ಪೂರ್ತಿ ಕೊಡಬೇಕು. ಅವಳು ಹತ್ತು ನಿಮಿಷಕ್ಕೇ ಕೊಟ್ಟಳು. ಮಧ್ಯಾಹ್ನದ ಪಾಳಿ, ವಾರ್ಡು ತುಂಬಿತ್ತು, ಆಪರೇಷನ್ ಆದ ಒಬ್ಬಳು ವಾಂತಿ ಮಾಡಿಕೊಳ್ಳುತ್ತಿದ್ದಳು, ಇನ್ನೊಬ್ಬಳ ಡ್ರಿಪ್ ಕಳಚಿತ್ತು, ನೋಡಲು ಅವಳೊಬ್ಬಳೇ. ಆ ಪಾಳಿಗೆ ಎರಡನೆಯ ನರ್ಸು ಇರಬೇಕಿತ್ತು. ಇದ್ದಳು. ನನ್ನ ಕೋಣೆಯಲ್ಲಿ ಇದ್ದಳು. ಮುಂದಿನ ವಾರ ಪರೀಕ್ಷಕರು ಬರುವವರಿದ್ದುದರಿಂದ, ನರ್ಸುಗಳು ಸರಿಯಾಗಿ ಕೈ ತೊಳೆಯುತ್ತಾರೋ ಎಂದು ನೋಡಿದ ರಿಜಿಸ್ಟರನ್ನು ನಾಲ್ಕು ತಿಂಗಳು ಹಿಂದಿನಿಂದ ತುಂಬಿಸಲು ನಾನೇ ಅವಳನ್ನು ವಾರ್ಡಿನಿಂದ ಎಬ್ಬಿಸಿಕೊಂಡು ಬಂದಿದ್ದೆ. ಎಲ್ಲ ಒಂದೇ ಶಾಯಿಯಲ್ಲಿ ಇರಬಾರದೆಂದು ಮೂರು ಬಣ್ಣದ ಪೆನ್ನು ಕೊಟ್ಟು ಕೂರಿಸಿದ್ದೆ.

ಕೂಗು ನನ್ನ ಕೋಣೆಗೆ ಕೇಳಿತು. ದೋಣಿಯಿಂದ ಕೂಗುವ ಆ ಗಂಟಲೇ. ನಾನು ಹೋಗಿ ಬಾಗಿಲಲ್ಲಿ ನಿಂತೆ, ಒಳಗೆ ಹೋಗಲಿಲ್ಲ. ಸೊಸೆಯ ತುಟಿ ನೀಲಿಯಾಗಿತ್ತು. ತದಡಿಯವಳು ಒಂದು ಕೈಯಲ್ಲಿ ಅವಳ ತೊಡೆಗೆ ಜೀವ ಉಳಿಸುವ ಇಂಜೆಕ್ಷನ್ ಚುಚ್ಚುತ್ತ, ಇನ್ನೊಂದು ಕೈಯಲ್ಲಿ ಆಕ್ಸಿಜನ್ನಿನ ಮಾಸ್ಕು ಎಳೆದುಕೊಳ್ಳುತ್ತ, ಡಾಕ್ಟರನ್ನು ಕೂಗುತ್ತಿದ್ದಳು. ಡಾಕ್ಟರು ಊಟದ ಕೈಯಲ್ಲೇ ಓಡಿಬಂದರು. ಮೂರು ದಿನ ಐಸಿಯುನಲ್ಲಿಟ್ಟ ಮೇಲೆ ಸೊಸೆ ಬದುಕಿದಳು. ಆ ಹುಡುಗಿ ಒಂದು ಗಳಿಗೆ ತಡ ಮಾಡಿದ್ದರೂ ಬದುಕುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದರು, ಅದೂ ನನ್ನ ಬಳಿ ಮಾತ್ರ. ಹಳೆಯ ಕಥೆಯೆಲ್ಲ ಹೊರಬಿದ್ದ ಮೇಲೆ ಅತ್ತೆ ಸೊಸೆಯ ಮಂಚದ ಪಕ್ಕವೇ ನಿಂತು, "ಕೆಟ್ಟ ಸಾಮಾನು ಚಂದ ಕಾಗ್ದ ಸುತ್ತಿ ಕೊಟ್ಟಿದ್ರು" ಎಂದಳು. ಸೊಸೆಯ ಮೂಗಿಗೆ ಇನ್ನೂ ನಳಿಗೆ ಹಾಕಿತ್ತು.

ಇಂಜೆಕ್ಷನ್ ಕೊಟ್ಟ ಮರುದಿನವೇ ನಾನು ತದಡಿಯವಳನ್ನು ಕ್ಯಾಂಟೀನಿಗೆ ಕರೆದೊಯ್ದು ಚಾ ಕುಡಿಸಿ ಫಾರ್ಮು ಕೊಟ್ಟೆ. ಅವಳು ಮುಟ್ಟಲಿಲ್ಲ.

"ಬರ್ದ್ರೆ ಎಂತ ಮಾಡ್ತಾರೆ ಅಕ್ಕ?"

"ಎಂತ ಮಾಡೂದಿಲ್ಲ. ಮೇಲೆ ಓದು, ನಾನೇ ಬರ್ದದ್ದು."

"ಕೇಸ್ ಶೀಟಿನಲ್ಲಿ ಅರ್ಧ ಗಂಟೆ ಅಂತ ಬರ್ದಾಗಿದೆ. ಎಲ್ರೂ ಮೊದ್ಲೇ ಹಾಗೆ ಬರ್ದಿಡ್ತಾರೆ. ನಾನು ಹತ್ತೇ ನಿಮ್ಷ ಕಾದದ್ದು."

"ಇದ್ದದ್ದು ಇದ್ದ ಹಾಗೆ ಬರಿ. ನೀನು ಬರೀದಿದ್ರೆ ನಾಳೆ ಇನ್ನೊಬ್ಳಿಗೆ ಇದೇ ಆಗ್ತದೆ."

ಆ ಮಾತನ್ನು ನಾನು ಮನಸ್ಸಿನಿಂದಲೇ ಹೇಳಿದ್ದೆ. ಒಂದು ನಿಜವಾದ ತಪ್ಪು, ನಿಜವಾಗಿ ಬರೆದದ್ದು, ನನ್ನ ಫೈಲಿಗೆ ಸಿಗುತ್ತದೆಂಬ ಆಸೆಯೂ ಅದರಲ್ಲಿ ಇತ್ತು. ಹಲ್ಲಿ ನಲ್ಲಿಗಳನ್ನು ಹೊತ್ತು ನನಗೂ ಸಾಕಾಗಿತ್ತು.

ಎರಡು ಪುಟ ಬರೆದಳು. ಹತ್ತು ನಿಮಿಷವನ್ನೂ ಬರೆದಳು, ಕೇಸ್ ಶೀಟಿನಲ್ಲಿರುವ ಅರ್ಧ ಗಂಟೆ ಸುಳ್ಳೆಂದೂ ಬರೆದಳು. ಕೊನೆಯಲ್ಲಿ ಇನ್ನೆರಡು ಸಾಲು ಇತ್ತು. ಒಂದು, ಪಾಳಿಯ ಎರಡನೆಯ ನರ್ಸನ್ನು ರಿಜಿಸ್ಟರು ತುಂಬಲು ಕ್ವಾಲಿಟಿ ಕೋಣೆಗೆ ಕರೆದೊಯ್ದಿದ್ದರು. ಇನ್ನೊಂದು, ಮದುವೆಗೆ ಮೊದಲಿನ ಹೆಸರಿನ ಕಾಲಂ ಬೇಕೆಂದು ನಾನು ಹಿಂದೆಯೇ ಚೀಟಿ ಕೊಟ್ಟಿದ್ದೆ. ಬೈಗುಳ ಇಲ್ಲ, ದೂರು ಇಲ್ಲ, ನನ್ನ ಹೆಸರು ಕೂಡ ಇಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದ್ದಳು, ನಾನು ಕಲಿಸಿದ ಹಾಗೆಯೇ.

ದೊಡ್ಡ ಡಾಕ್ಟರು ಅದನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದರು, ಓದಲಿಲ್ಲ. "ಸ್ವಲ್ಪ ಸಣ್ಣ ಮಾಡಿ, ಚಂದ ಟೈಪ್ ಮಾಡಿ ತನ್ನಿ" ಎಂದರು. ಅಷ್ಟೇ ಅವರು ಹೇಳಿದ್ದು. ಯಾವುದನ್ನು ಬಿಡಿ, ಯಾವುದನ್ನು ಇಡಿ ಎಂದು ಹೇಳಲೇ ಇಲ್ಲ. ತಪ್ಪನ್ನು ಅವರ ಮೇಲೆ ಹಾಕಲು ನನಗೆ ಈಗಲೂ ಮನಸ್ಸಾಗುತ್ತದೆ, ಆದರೆ ಆಗುವುದಿಲ್ಲ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಟೈಪ್ ಮಾಡಲು ಕೂತೆ. ಹತ್ತು ನಿಮಿಷದ ಮಾತು ಬಂತು. ಸುಳ್ಳು ಸಮಯ ಬರೆದ ಮಾತು ಬಂತು. ಕೊನೆಯ ಎರಡು ಸಾಲು ಬರಲಿಲ್ಲ. ಕೈಬರಹದ ಹಾಳೆಗಳನ್ನು ಚೂರು ಮಾಡಿ ಬುಟ್ಟಿಗೆ ಹಾಕಿದೆ. ಮುಗಿಸಿ ಚಾ ತರಿಸಿಕೊಂಡು ಕುಡಿದೆ.

ಮೀಟಿಂಗಿನಲ್ಲಿ ಏಳು ಜನ. ಬನ್ಸು, ಚಾ. ತಪ್ಪಿನ ಮೂಲ ಕಾರಣ ಹುಡುಕಲು ಮೀನಿನ ಮುಳ್ಳಿನ ಆಕಾರದ ಒಂದು ಚಿತ್ರ ಬರೆಯುವ ಪದ್ಧತಿ ಇದೆ. ತಲೆಯ ಜಾಗದಲ್ಲಿ ನಡೆದ ತಪ್ಪು, ಎರಡೂ ಕಡೆಯ ಮುಳ್ಳುಗಳಲ್ಲಿ ಕಾರಣಗಳು: ಜನ, ಪದ್ಧತಿ, ಜಾಗ, ಸಾಮಾನು, ಕಾಗದಪತ್ರ, ಮೇಲ್ವಿಚಾರಣೆ. ಬೋರ್ಡಿನ ಮೇಲೆ ನಾನು ಮುಳ್ಳು ಬರೆದೆ. "ತದಡಿಯವಳಿಗೆ ಮೀನೇ ಸರಿ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಜನ ಎಂಬ ಮುಳ್ಳಿನಲ್ಲಿ ಅವಳ ಹತ್ತು ನಿಮಿಷ ಬರೆದೆ. ಉಳಿದ ಐದು ಮುಳ್ಳು ಖಾಲಿಯೇ ಉಳಿದವು. ಯಾರೂ ಕೇಳಲಿಲ್ಲ. ಅವಳನ್ನು ಒಳಗೆ ಕರೆಯಲೂ ಇಲ್ಲ. ಅವಳೇ ಬರೆದು ಕೊಟ್ಟಿದ್ದಾಳಲ್ಲ, ಇನ್ನು ಕೇಳುವುದೇನು ಎಂದರು ದೊಡ್ಡ ಡಾಕ್ಟರು.

ಪರೀಕ್ಷಕರು ಬರುವ ಮೊದಲೇ ಅವಳಿಂದ ರಾಜೀನಾಮೆ ಬರೆಸಿಕೊಂಡರು. ಕ್ರಮ ಕೈಗೊಳ್ಳುವುದಿಲ್ಲ ಎಂದು ಫಾರ್ಮಿನಲ್ಲಿದೆಯಲ್ಲ ಎಂದು ಅವಳು ಕೇಳಿದಳಂತೆ. ಇದು ಕ್ರಮ ಅಲ್ಲ, ನೀವೇ ಬಿಟ್ಟು ಹೋಗುತ್ತಿದ್ದೀರಿ ಎಂದು ಉತ್ತರ ಸಿಕ್ಕಿತು. ಅನುಭವದ ಪತ್ರವನ್ನು ಆಮೇಲೆ ನೋಡುವಾ ಎಂದು ತಡೆದಿಟ್ಟರು. ಅವಳು ನನ್ನ ಕೋಣೆಯ ಕಡೆ ಬರಲಿಲ್ಲ. ಬಂದರೆ ಏನು ಹೇಳಬೇಕೆಂದು ನಾನು ಸಿದ್ಧ ಮಾಡಿಕೊಂಡಿದ್ದೆ, ಅದು ವ್ಯರ್ಥವಾಯಿತೆಂದು ಬೇಸರವೂ ಆಯಿತು. ಎಂಥವಳು ನಾನು ಎಂದು ಆಗ ಅನಿಸಲಿಲ್ಲ. ಈಗ ಅನಿಸುತ್ತದೆ, ಅದರಿಂದ ಅವಳಿಗೆ ಏನೂ ಉಪಯೋಗವಿಲ್ಲ.

ಪರೀಕ್ಷಕರು ಬಂದರು. ತಪ್ಪಿನ ಫೈಲನ್ನು ನೋಡಿ ತುಂಬ ಮೆಚ್ಚಿದರು. ತಮ್ಮ ತಪ್ಪನ್ನು ಇಷ್ಟು ಪ್ರಾಮಾಣಿಕವಾಗಿ ಬರೆದಿಟ್ಟ ಆಸ್ಪತ್ರೆ ಈ ಕಡೆ ನೋಡಿಲ್ಲ ಎಂದರು. ಸರ್ಟಿಫಿಕೇಟು ಸಿಕ್ಕಿತು, ನನಗೆ ಶಾಲು ಹೊದಿಸಿದರು. ನರ್ಸುಗಳು ತಪ್ಪಿನ ಫಾರ್ಮಿನಲ್ಲಿ ಹಲ್ಲಿಯನ್ನೂ ಬರೆಯುವುದು ನಿಲ್ಲಿಸಿದರು. ತಿಂಗಳ ಐದು ತಪ್ಪುಗಳನ್ನು ನಾನೇ ಕೂತು ಹುಟ್ಟಿಸಿ ಬರೆಯತೊಡಗಿದೆ. ವಾರ್ಡಿನಲ್ಲಿ ನಿಜವಾಗಿ ಏನೇನು ನಡೆಯುತ್ತದೆಂದು ಈಗ ನನಗೆ ಗೊತ್ತಿಲ್ಲ, ದೊಡ್ಡ ಡಾಕ್ಟರಿಗೂ ಗೊತ್ತಿಲ್ಲ. ರೋಗಿಗಳು ಗೋಡೆಯ ಮೇಲಿನ ಸರ್ಟಿಫಿಕೇಟು ನೋಡಿ ಮಲಗುತ್ತಾರೆ.

ಪರೀಕ್ಷಕರು ಹೋಗುವ ಮುಂಚೆ ಒಂದೇ ಒಂದು ಕೊರತೆ ಹೇಳಿದ್ದರು. ತನಿಖೆಯ ನಿರ್ಣಯವನ್ನು ಒಪ್ಪಿದ್ದೇನೆ ಎಂಬ ಕಡೆಯ ಹಾಳೆಯಲ್ಲಿ ಆ ನರ್ಸಿನ ಸಹಿ ಇಲ್ಲ, ಅದಿಲ್ಲದೆ ಫೈಲು ಮುಚ್ಚುವ ಹಾಗಿಲ್ಲ ಎಂದು. ಹೇಗೋ ಒಂದೂವರೆ ವರ್ಷ ತಳ್ಳಿದೆವು. ಮತ್ತೆ ಅವರು ಬರುವ ದಿನ ಹತ್ತಿರವಾದಾಗ ದೊಡ್ಡ ಡಾಕ್ಟರು ತಡೆದಿಟ್ಟಿದ್ದ ಅನುಭವದ ಪತ್ರಕ್ಕೆ ಸಹಿ ಮಾಡಿ ನನ್ನ ಕೈಗಿತ್ತರು. "ಮೊದಲು ಸಹಿ ತಗೊಳ್ಳಿ, ಆಮೇಲೆ ಕೊಡಿ" ಎಂದರು.

ಅವಳು ಭಟ್ಕಳದ ಹತ್ತಿರ ಜಾಲಿಯಲ್ಲಿ ಒಂದು ಸಣ್ಣ ಕ್ಲಿನಿಕ್ಕಿನಲ್ಲಿದ್ದಳು. ನಾನು ಬಸ್ಸಿಳಿದು ರಿಕ್ಷಾ ಹಿಡಿದು ಕೇಳುತ್ತ ಹೋದೆ. ಎರಡು ಕೋಣೆ, ಮುಂದೆ ಬೆಂಚು. ಒಬ್ಬ ಮುದುಕಮ್ಮನ ಕಾಲಿನ ಹುಣ್ಣಿಗೆ ಬ್ಯಾಂಡೇಜು ಸುತ್ತುತ್ತ, ತನ್ನ ಕೊಂಕಣಿಯನ್ನು ಭಟ್ಕಳದ ಮುಸಲ್ಮಾನರು ಆಡುವ ನವಾಯತಿಗೆ ಬಗ್ಗಿಸಿ ಏನೋ ತಮಾಷೆ ಮಾಡುತ್ತಿದ್ದಳು. ಮುದುಕಮ್ಮ ನಗುತ್ತಿದ್ದರು. ಅವರನ್ನು ರಿಕ್ಷಾ ಹತ್ತಿಸಿ ಬಂದು ನನಗೆ ಕುರ್ಚಿ ಒರೆಸಿ ಕೊಟ್ಟಳು.

"ಎಂತ ಅಕ್ಕ, ಇಷ್ಟು ದೂರ ಬಂದ್ರಿ?"

ನಾನು ಅನುಭವದ ಪತ್ರದ ಲಕೋಟೆಯನ್ನು ತೆಗೆದು ಮೇಜಿನ ಮೇಲಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡೆ. ಅವಳು ನನ್ನ ಕೈಯನ್ನೇ ನೋಡಿದಳು.

"ಅದು ಇನ್ನು ಬೇಡ. ವಯಸ್ಸು ದಾಟಿ ಮೂರು ತಿಂಗ್ಳಾತು."

ನಾನು ಫೈಲು ಮುಂದೆ ತಳ್ಳಿದೆ. ನಾನು ಟೈಪ್ ಮಾಡಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಬೆರಳಿಟ್ಟು ಓದಿದಳು. ಮುಗಿದ ಮೇಲೆ ಹಾಳೆ ಮಗುಚಿ ಹಿಂದೆ ಏನಾದರೂ ಇದೆಯೋ ಎಂದು ನೋಡಿದಳು.

"ಕಡೇದು ಎರಡು ಸಾಲು ಇಲ್ಲ."

"ಟೈಪ್ ಮಾಡುವಾಗ ಬಿಟ್ಟು ಹೋಯ್ತು ಕಾಣ್ತದೆ" ಎಂದೆ.

ಅವಳು ಫೋನು ತೆಗೆದು ಹುಡುಕಿ ನನ್ನೆದುರು ಹಿಡಿದಳು. ಅವಳ ಕೈಬರಹದ ಎರಡೂ ಪುಟಗಳ ಫೋಟೋ, ಸ್ಪಷ್ಟವಾಗಿತ್ತು. ನನಗೆ ಕೊಡುವ ಮೊದಲೇ ತೆಗೆದಿಟ್ಟುಕೊಂಡಿದ್ದಳು. ಇದು ಒಂದೂವರೆ ವರ್ಷದಿಂದ ಇವಳ ಕೈಯಲ್ಲಿತ್ತು.

"ಆವಾಗ್ಲೇ ಎಂತಕೆ ತೋರಿಸ್ಲಿಲ್ಲ?"

"ಮೀಟಿಂಗ್ ರೂಮಿನ ಬಾಗ್ಲತನಕ ಬಂದಿದ್ದೆ. ಬೋರ್ಡಲ್ಲಿ ನನ್ನ ಹತ್ತು ನಿಮ್ಷ ಮಾತ್ರ ಇತ್ತು, ತೋರಿಸ್ಬೇಕು ಅಂತ ಮಾಡಿದ್ದೆ. ಆಮೇಲೆ ಕಂಡಿತು, ತೋರಿಸ್ರೆ ನಿಮ್ಮನ್ನೂ ತೆಗೀತಾರೆ. ನಂಗಾದ್ರೆ ಸೂಜಿ ಹಾಕೂಕೆ ಬರ್ತದೆ, ಬಾಣಂತಿ ನೋಡೂಕೆ ಬರ್ತದೆ, ಎಲ್ಲಾದ್ರೂ ಬದುಕ್ತೇನೆ. ನಿಮ್ಗೆ ಬೇರೆ ಎಂತ ಬರ್ತದೆ ಅಕ್ಕ?"

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡಿಕೊಳ್ಳಬಹುದಿತ್ತು. ಎಲ್ಲಿ ನೋಯುತ್ತದೆ ಎಂದು ರೋಗಿಯನ್ನು ಕೇಳುವ ದನಿಯಲ್ಲೇ ಕೇಳಿದಳು. ಈ ಜನ್ಮದಲ್ಲಿ ನನ್ನ ಮೇಲೆ ಕನಿಕರ ತೋರಿಸಿದವರು ಕಡಿಮೆ. ಅವಳು ತೋರಿಸಿದ್ದಕ್ಕೆ ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು.

"ಎಲ್ಲಿ ಹಾಕೂದು?" ಎಂದಳು. ನಾನು ಬೆರಳಿಟ್ಟು ತೋರಿಸಿದೆ. ಸಹಿ ಹಾಕಿ ತಾರೀಕು ಬರೆದಳು. ಲಕೋಟೆಯನ್ನು ಮೇಜಿನ ಮೇಲೆಯೇ ಬಿಟ್ಟು, ಫೈಲನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದು ಚಪ್ಪಲಿ ಮೆಟ್ಟಿದವಳು, ಮತ್ತೆ ಬಿಚ್ಚಿ ಒಳಗೆ ಹೋದೆ. ಆ ಫೋಟೋ ಅಳಿಸಿಬಿಡ್ತೀಯಾ ಎಂದು ಕೇಳಿದೆ.

ಅವಳು ಎರಡೂ ಪುಟವನ್ನು ಒಂದೊಂದಾಗಿ ಅಳಿಸಿ, ಫೋನನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು.

"ಆತಾ ಅಕ್ಕ?"

"ಆತು" ಎಂದೆ.